ಲುಯಿಜಿ ಸರ್ಕ್ಯೂಟಿಗೆ ಕೆಂಪುಕಲ್ಲು, ಕನ್ನಡದ ಬೋರ್ಡು: ಮಾರಿಯೋ ಕಾರ್ಟ್ ವೀ ಮಾಡ್ ಮಾಡುವ ಕ್ರಮ

ನಿಂಟೆಂಡೋದ ವೀ ಕನ್ಸೋಲಿನ ಓಟದ ಆಟ ಮಾರಿಯೋ ಕಾರ್ಟ್ ವೀ ಬಂದದ್ದು 2008ರ ಏಪ್ರಿಲ್‌ನಲ್ಲಿ. ಎಂಟು ಕಪ್, ಕಪ್ಪಿಗೆ ನಾಲ್ಕರಂತೆ 32 ಟ್ರ್ಯಾಕ್. ಒಂದೊಂದು ಟ್ರ್ಯಾಕೂ ತನ್ನದೇ ಫೈಲಿನಲ್ಲಿ ಕೂತಿರುವುದರಿಂದ ಉಳಿದ ಆಟವನ್ನು ಮುಟ್ಟದೆ ಒಂದನ್ನು ಮಾತ್ರ ಬಿಚ್ಚಿ, ಬದಲಿಸಿ, ಮತ್ತೆ ಕಟ್ಟಬಹುದು. ಮಾಡಿಂಗ್, ಅಂದರೆ ಇದ್ದ ಆಟವನ್ನು ನಮಗೆ ಬೇಕಾದಂತೆ ಬದಲಿಸುವುದನ್ನು, ಕಲಿಯಲು ಇದಕ್ಕಿಂತ ಅನುಕೂಲದ ಆಟ ಸಿಗುವುದು ಕಷ್ಟ. ಮೊದಲ ಟ್ರ್ಯಾಕ್ ಲುಯಿಜಿ ಸರ್ಕ್ಯೂಟನ್ನು ಕಾಸರಗೋಡಿನ ರಸ್ತೆಯಾಗಿ ಮಾಡುವುದು ಇಲ್ಲಿನ ಕೆಲಸ: ಬದಿಗೆ ಕೆಂಪುಕಲ್ಲಿನ ಪಾಗಾರ (ಆವರಣದ ಗೋಡೆ), ಹುಲ್ಲಿದ್ದಲ್ಲಿ ಬೈಲಿನ ಕೆಸರು, ತಿರುವಿನಲ್ಲಿ "ಬದಿಯಡ್ಕ" ಎಂಬ ಅಲ್ಲಿನ ಊರಿನ ಹೆಸರಿರುವ ಕನ್ನಡದ ಬೋರ್ಡು.

ಫೈಲುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ಹಾಗೆಯೇ ಟೈಪ್ ಮಾಡಬೇಕು. ಕೆಲಸದ ಫೋಲ್ಡರಿಗೂ ಕನ್ನಡ ಲಿಪಿಯ ಹೆಸರು ಕೊಡಬೇಡಿ, ನಡುವೆ ಸ್ಪೇಸ್ ಬಿಡಬೇಡಿ. ಹಳೆಯ ಟೂಲುಗಳು ಅಂಥ ದಾರಿ ಸಿಕ್ಕರೆ ಫೈಲೇ ಇಲ್ಲ ಎನ್ನುತ್ತವೆ.

ಬೇಕಾದವು

ಆಟದ ಅಸಲಿ ಡಿಸ್ಕ್. ಹೋಮ್‌ಬ್ರೂ ಚಾನೆಲ್ (ನಿಂಟೆಂಡೋದ್ದಲ್ಲದ ಪ್ರೋಗ್ರಾಂಗಳನ್ನು ಓಡಿಸುವ ಕಿಂಡಿ) ಹಾಕಿದ ವೀ ಕನ್ಸೋಲ್. 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್, 32 ಜಿಬಿಗೆ ಮೀರದ ಎಸ್‌ಡಿ ಕಾರ್ಡ್. ಕಂಪ್ಯೂಟರಿನಲ್ಲಿ ವೀ ಆಟವನ್ನು ಅಲ್ಲೇ ಓಡಿಸುವ ಡಾಲ್ಫಿನ್ ಎಮ್ಯುಲೇಟರ್, ಆಟದ ಫೈಲು ಬಿಚ್ಚುವ ಬ್ರಾಲ್‌ಕ್ರೇಟ್, ಚಿತ್ರ ತಿದ್ದುವ ಜಿಂಪ್. ನೆಲದ ಗುಣವನ್ನೂ ಬದಲಿಸುವುದಾದರೆ ವಿಮ್ಸ್ ಎಸ್‌ಝಡ್‌ಎಸ್ ಟೂಲ್ಸ್ ಮತ್ತು 3ಡಿ ಆಕೃತಿ ತಿದ್ದುವ ಬ್ಲೆಂಡರ್. ಕಂಪ್ಯೂಟರಿನ ಈ ಪ್ರೋಗ್ರಾಂಗಳಲ್ಲಿ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಡಿಸ್ಕಿನ ಮೇಲೆ ಅಚ್ಚಾದ ಕೋಡನ್ನು ಮೊದಲು ನೋಡಿ. ಆರ್‌ಎಂಸಿಪಿ ಎಂದಿದ್ದರೆ ಪಾಲ್ (ಯುರೋಪ್, ಆಸ್ಟ್ರೇಲಿಯದ) ಆವೃತ್ತಿ, ಆರ್‌ಎಂಸಿಇ ಅಮೆರಿಕದ್ದು, ಆರ್‌ಎಂಸಿಜೆ ಜಪಾನಿನದು. ಗಲ್ಫಿನಿಂದ ಯಾರೋ ತಂದುಕೊಟ್ಟ ಡಿಸ್ಕಾದರೆ ಇದನ್ನು ನೋಡದೆ ಮುಂದೆ ಹೋಗಲೇಬೇಡಿ: ಪಾಲ್ ಕನ್ಸೋಲಿನಲ್ಲಿ ಅಮೆರಿಕದ ಡಿಸ್ಕ್ ನೇರವಾಗಿ ಓಡದು. ಮುಂದೆ ಬರುವ ಟೆಕ್ಸ್ಚರ್ (ಟ್ರ್ಯಾಕಿನ ಮೇಲ್ಮೈಗೆ ಅಂಟಿಸುವ ಚಿತ್ರ) ಫೋಲ್ಡರಿನ ಹೆಸರೂ ಈ ಕೋಡೇ, ಕೊನೆಗೆ 01 ಸೇರಿರುತ್ತದೆ.

ನಮ್ಮ ಕರಾವಳಿಯ ಡಿಸ್ಕುಗಳಿಗೆ ಇನ್ನೊಂದು ಕಾಟವಿದೆ, ಬೂಸು. ಎರಡು ಮಳೆಗಾಲ ಕಪಾಟಿನಲ್ಲಿ ಕೂತರೆ ಹೊಳೆಯುವ ಬದಿಯಲ್ಲಿ ಬಿಳಿ ಚುಕ್ಕಿ ಕಾಣುತ್ತದೆ. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಿ. ಸುತ್ತ ತಿರುಗಿಸಿ ಒರಸಿದರೆ ಬೀಳುವ ಗೀರು ದತ್ತಾಂಶದ ಸಾಲಿನ ಉದ್ದಕ್ಕೇ ಬೀಳುತ್ತದೆ. ಆಗ ಒಂದೇ ಕಡೆ ಬಹಳಷ್ಟು ಮಾಹಿತಿ ಹೋಗಿ ಲೆನ್ಸಿಗೆ ಸರಿಪಡಿಸಿಕೊಳ್ಳಲು ಆಗುವುದಿಲ್ಲ.

ಡಿಸ್ಕಿನಿಂದ ಕಂಪ್ಯೂಟರಿಗೆ

ಕಂಪ್ಯೂಟರಿನ ಸಾಮಾನ್ಯ ಡಿವಿಡಿ ಡ್ರೈವ್ ವೀ ಡಿಸ್ಕನ್ನು ಓದುವುದಿಲ್ಲ. ವೀಯಲ್ಲೇ ಡಿಸ್ಕ್ ನಕಲಿಸುವ ಪ್ರೋಗ್ರಾಂ ಕ್ಲೀನ್‌ರಿಪ್ ನಡೆಸಿ ಪೆನ್‌ಡ್ರೈವಿಗೆ ಇಳಿಸಿ. ಪೂರ್ತಿ ಪ್ರತಿ ಸುಮಾರು 4.7 ಜಿಬಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲವಾದ್ದರಿಂದ ಅದು ತುಂಡುತುಂಡಾಗಿ ಇಳಿಯುತ್ತದೆ, ಆಮೇಲೆ ಜೋಡಿಸಬೇಕು. ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಒಂದೇ ಫೈಲಾಗಿ ಬರುತ್ತದೆ, ಆ ತಲೆನೋವಿಲ್ಲ. ಇಳಿಸುವಾಗ ಕರೆಂಟು ಹೋದರೆ ಅರ್ಧ ಪ್ರತಿಯನ್ನು ಅಳಿಸಿ ಮೊದಲಿನಿಂದ ಶುರು ಮಾಡಿ. ಅದರಿಂದ ಆಟ ತೆರೆದುಕೊಂಡರೂ ಯಾವುದೋ ಒಂದು ಟ್ರ್ಯಾಕಿನಲ್ಲಿ ನಿಂತುಬಿಡುತ್ತದೆ, ಆಗ ತಪ್ಪು ನಿಮ್ಮ ಮಾಡಿನಲ್ಲಿದೆ ಎಂದು ಹುಡುಕುತ್ತಾ ದಿನ ಕಳೆಯಬೇಕಾಗುತ್ತದೆ.

ಡಾಲ್ಫಿನ್‌ನ ಪಟ್ಟಿಯಲ್ಲಿ ಆಟ ಕಾಣಿಸಿಕೊಂಡ ಮೇಲೆ ಅದರ ಮೇಲೆ ಬಲಗ್ಲಿಕ್, ಪ್ರಾಪರ್ಟೀಸ್, ಫೈಲ್‌ಸಿಸ್ಟಮ್. ಡೇಟಾ ಪಾರ್ಟಿಷನ್ ಒಳಗೆ ರೇಸ್, ಅದರೊಳಗೆ ಕೋರ್ಸ್. ಅಲ್ಲಿರುವ ಬಿಗಿನರ್_ಕೋರ್ಸ್.ಎಸ್‌ಝಡ್‌ಎಸ್ ಎಂಬುದೇ ಲುಯಿಜಿ ಸರ್ಕ್ಯೂಟ್. ಪಕ್ಕದಲ್ಲೇ ಹೆಸರಿನ ಕೊನೆಗೆ _ಡಿ ಇರುವ ಇನ್ನೊಂದಿದೆ, ಪರದೆ ಹಂಚಿಕೊಂಡು ಹಲವರು ಆಡುವಾಗ ಬರುವ ಹಗುರ ಪ್ರತಿ ಅದು. ಎರಡನ್ನೂ ಹೊರತೆಗೆಯಿರಿ. ಒಬ್ಬರೇ ಆಡುವಾಗ ಕೆಂಪುಕಲ್ಲು ಕಂಡು, ತಂಗಿಯ ಜೊತೆ ಆಡುವಾಗ ಹಳೆಯ ಹುಲ್ಲೇ ಕಂಡರೆ ಕಾರಣ ಇದೇ. ತೆಗೆದ ಎರಡನ್ನೂ "ಅಸಲಿ" ಎಂಬರ್ಥದ ಒಂದು ಫೋಲ್ಡರಿನಲ್ಲಿ ನಕಲು ಮಾಡಿಟ್ಟು ಮತ್ತೆ ಅದನ್ನು ಮುಟ್ಟಬೇಡಿ.

ಮೊದಲ ಸುತ್ತು ಡಾಲ್ಫಿನ್‌ನಲ್ಲೇ

ಫೈಲ್ ಬಿಚ್ಚುವ ಮೊದಲು ಬಣ್ಣ, ಗಾತ್ರ, ಅಕ್ಷರ ಹೇಗೆ ಕಾಣುತ್ತವೆ ಎಂದು ಡಾಲ್ಫಿನ್‌ನಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಗ್ರಾಫಿಕ್ಸ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ ಡಂಪ್ ಟೆಕ್ಸ್ಚರ್ಸ್ ಹಾಕಿ, ಲುಯಿಜಿ ಸರ್ಕ್ಯೂಟಿನಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ, ಕೂಡಲೇ ಆ ಗುರುತನ್ನು ತೆಗೆದುಬಿಡಿ. ತೆಗೆಯದಿದ್ದರೆ ಮೆನುವಿನ ಚಿತ್ರದಿಂದ ಹಿಡಿದು ಹೊಗೆಯವರೆಗೆ ಎಲ್ಲವೂ ಬಂದು ತುಂಬಿ, ಬೇಕಾದದ್ದನ್ನು ಹುಡುಕುವುದೇ ಕೆಲಸವಾಗುತ್ತದೆ. ಚಿತ್ರಗಳು ಡಂಪ್, ಟೆಕ್ಸ್ಚರ್ಸ್, ಆಟದ ಕೋಡ್ ಎಂಬ ಫೋಲ್ಡರಿನೊಳಗೆ ಸಿಗುತ್ತವೆ.

ಪ್ರತಿ ಚಿತ್ರದ ಹೆಸರೇ ಒಂದು ಚೀಟಿ. ಮೊದಲು ಅಗಲ-ಎತ್ತರ, ನಡುವೆ ಎಂ ಅಕ್ಷರವಿದ್ದರೆ ಅದಕ್ಕೆ ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳು) ಇದೆ ಎಂದರ್ಥ, ಆಮೇಲೆ ಉದ್ದದ ಗುರುತು, ಕೊನೆಯಲ್ಲಿ ಫಾರ್ಮ್ಯಾಟಿನ (ಬಣ್ಣವನ್ನು ಫೈಲಿನಲ್ಲಿ ಇಡುವ ಕ್ರಮದ) ಸಂಖ್ಯೆ. 14 ಎಂದರೆ ಸಿಎಂಪಿಆರ್, 5 ಎಂದರೆ ಆರ್‌ಜಿಬಿ5ಎ3, 4 ಎಂದರೆ ಆರ್‌ಜಿಬಿ565. ಇದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ: ಮುಂದೆ ಬ್ರಾಲ್‌ಕ್ರೇಟಿನಲ್ಲಿ ಚಿತ್ರ ಬದಲಿಸುವಾಗ ಯಾವ ಫಾರ್ಮ್ಯಾಟಿನಿಂದ ಶುರು ಮಾಡಬೇಕೆಂದು ಕೇಳಬೇಕಾಗುವುದಿಲ್ಲ.

ಬದಲಿಸಿದ ಪಿಎನ್‌ಜಿಯನ್ನು ಅದೇ ಹೆಸರಿನಲ್ಲಿ, ಒಂದಕ್ಷರವೂ ತಪ್ಪದಂತೆ, ಲೋಡ್, ಟೆಕ್ಸ್ಚರ್ಸ್, ಆಟದ ಕೋಡ್ ಎಂಬ ಫೋಲ್ಡರಿಗೆ ಹಾಕಿ ಲೋಡ್ ಕಸ್ಟಮ್ ಟೆಕ್ಸ್ಚರ್ಸ್ ಗುರುತು ಹಾಕಿ. ಇಲ್ಲಿ ಗಾತ್ರದ ಮಿತಿಯ ಚಿಂತೆಯಿಲ್ಲ, 1024ರ ಚಿತ್ರವನ್ನೂ ಕೊಡಬಹುದು. ಆದರೆ ಇದು ಡಾಲ್ಫಿನ್‌ಗೆ ಮಾತ್ರ. ವೀಯಲ್ಲಿ ಓಡಬೇಕಾದರೆ ಟ್ರ್ಯಾಕಿನ ಫೈಲಿನೊಳಗೇ ಚಿತ್ರ ಹೋಗಬೇಕು. ಆದ್ದರಿಂದ ಇಲ್ಲಿಯೂ ಮೂಲದ ಗಾತ್ರಕ್ಕೆ ಹತ್ತಿರದಲ್ಲೇ ಇದ್ದು ಅಭ್ಯಾಸ ಮಾಡಿಕೊಳ್ಳುವುದು ಲೇಸು.

ಕೆಂಪುಕಲ್ಲಿನ ಚಿತ್ರ

ಫೋನಿನಲ್ಲಿ ಪಾಗಾರದ ಫೋಟೋ ತೆಗೆಯಿರಿ. ಮೋಡ ಕವಿದ ಹೊತ್ತು ಬೇಕು, ಬಿಸಿಲಲ್ಲಿ ತೆಗೆದರೆ ಕಲ್ಲಿನ ತೂತುಗಳ ನೆರಳು ಒಂದೇ ಕಡೆ ಬಿದ್ದು ಟ್ರ್ಯಾಕಿನ ಬೆಳಕಿಗೆ ಹೊಂದುವುದಿಲ್ಲ. ಗೋಡೆಗೆ ನೇರ ಎದುರು ನಿಂತು, ಫೋನನ್ನು ಓರೆ ಮಾಡದೆ. ಹೊಸದಾಗಿ ಕಡಿದ ಕಲ್ಲಿಗಿಂತ ಒಂದೆರಡು ಮಳೆ ಕಂಡ ಕಲ್ಲು ಚೆನ್ನಾಗಿ ಬರುತ್ತದೆ. ಹೊಸ ಕಲ್ಲಿನ ಕಿತ್ತಳೆ ಬಣ್ಣ ಆಟದೊಳಗೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಪಾಚಿ ಹಿಡಿದು ಕಪ್ಪಾದದ್ದರಲ್ಲಿ ಕಲ್ಲೆಂದೇ ತಿಳಿಯುವುದಿಲ್ಲ.

ಜಿಂಪಿನಲ್ಲಿ ಚೌಕಾಕಾರವಾಗಿ ಕತ್ತರಿಸಿ. ಕತ್ತರಿಸುವ ಗೆರೆ ಗಾರೆಯ ಸಾಲಿನ ನಡುವೆ ಬರಲಿ, ಇಲ್ಲವಾದರೆ ಚಿತ್ರ ಮರುಕಳಿಸುವಲ್ಲಿ ಅರ್ಧ ಕಲ್ಲಿನ ಮೇಲೆ ಅರ್ಧ ಕಲ್ಲು ಕೂರುತ್ತದೆ. ಆಮೇಲೆ ಲೇಯರ್, ಟ್ರಾನ್ಸ್‌ಫಾರ್ಮ್, ಆಫ್‌ಸೆಟ್: ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಸರಿಸಿ. ಅಂಚುಗಳು ನಡುವಿಗೆ ಬಂದು ಒಂದು ಅಡ್ಡಗೆರೆ, ಒಂದು ಉದ್ದಗೆರೆ ಕಾಣುತ್ತದೆ. ಹೀಲ್ ಮತ್ತು ಕ್ಲೋನ್ ಕುಂಚದಿಂದ ಅವನ್ನು ಅಳಿಸಿ. ಕಣ್ಣಿಗೆ ಹೊಡೆಯುವ ಒಂದೇ ಒಂದು ದೊಡ್ಡ ತೂತು ಅಥವಾ ಬಿಳಿ ಕಲೆಯಿದ್ದರೆ ಅದನ್ನೂ ಮುಚ್ಚಿ. ಒಂದು ಚಿತ್ರದಲ್ಲಿ ಅದು ಚಂದ, ಗೋಡೆಯುದ್ದಕ್ಕೂ ನಲವತ್ತು ಸಲ ಬಂದಾಗ ಮೊಹರು ಒತ್ತಿದಂತಿರುತ್ತದೆ. ಕೊನೆಗೆ 256×256ಕ್ಕೆ ಇಳಿಸಿ. ಅಗಲವೂ ಎತ್ತರವೂ 64, 128, 256, 512 ಹೀಗೆ ಎರಡರ ಘಾತದಲ್ಲೇ ಇರಬೇಕು. ಮರುಕಳಿಸುವ ಚಿತ್ರಕ್ಕೆ ವೀಯ ಚಿಪ್ ಬೇರೆ ಗಾತ್ರ ಒಪ್ಪುವುದಿಲ್ಲ.

ಪರದೆಯಲ್ಲಿ ಸರಿಯಿದ್ದ ಕೆಂಪು ಆಟದೊಳಗೆ ಕಂದಾಗಿ ಕಾಣಬಹುದು. ಮಾಡೆಲ್ಲಿನ (ಟ್ರ್ಯಾಕಿನ 3ಡಿ ಆಕೃತಿಯ) ಮೂಲೆಮೂಲೆಗೂ ಬಳಿದಿರುವ ವರ್ಟೆಕ್ಸ್ ಕಲರ್ ನಿಮ್ಮ ಚಿತ್ರದ ಬಣ್ಣದೊಂದಿಗೆ ಗುಣಿಸಿಕೊಳ್ಳುತ್ತದೆ, ಗುಣಾಕಾರದಲ್ಲಿ ಬಣ್ಣ ಕಪ್ಪಾಗುತ್ತದೆಯೇ ಹೊರತು ಬೆಳಕಾಗುವುದಿಲ್ಲ. ಚಿತ್ರವನ್ನು ಮನಸ್ಸಿಗೆ ಒಪ್ಪುವುದಕ್ಕಿಂತ ಸ್ವಲ್ಪ ಬೆಳ್ಳಗೆ ಇಟ್ಟು ಎರಡು-ಮೂರು ಸಲ ಡಾಲ್ಫಿನ್‌ನಲ್ಲಿ ನೋಡಿ ತೀರ್ಮಾನಿಸಿ.

ಕನ್ನಡದ ಬೋರ್ಡು

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಇಂಗ್ಲಿಷ್ ದೊಡ್ಡಕ್ಷರದ ಬೋರ್ಡು ಹೇಗೆ ಮಾಡಿದರೂ ಓದಲು ಬರುತ್ತದೆ. ಕನ್ನಡದ್ದು ಹಾಗಲ್ಲ. ಅಕ್ಷರದ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು. ಎರಡಕ್ಕೂ ಜಾಗ ಬೇಕು.

128 ಪಿಕ್ಸೆಲ್ ಎತ್ತರದ ಬೋರ್ಡಿನಲ್ಲಿ ಮೇಲೆ-ಕೆಳಗೆ 8ರಂತೆ ಅಂಚು ಬಿಟ್ಟರೆ 112 ಉಳಿಯುತ್ತದೆ. ಅದರಲ್ಲಿ ಮೇಲಿನ ಚಿಹ್ನೆಗೆ 24, ಅಕ್ಷರದ ಮೈಗೆ 52, ಒತ್ತಿಗೆ 36 ಎಂದು ಹಂಚಿದರೆ ಚೆನ್ನಾಗಿ ಕೂರುತ್ತದೆ. "ಕುಂಬಳೆ"ಯಂಥ ಒತ್ತಿಲ್ಲದ ಹೆಸರನ್ನು ಇನ್ನೂ ದೊಡ್ಡದು ಮಾಡಬಹುದು. "ಬದಿಯಡ್ಕ", "ಉಪ್ಪಳ", "ಮುಳ್ಳೇರಿಯ" ಇವುಗಳಲ್ಲಿ ಒತ್ತಿಗೆ ಜಾಗ ಬಿಡದಿದ್ದರೆ ಕೆಳಗಿನ ಅಂಚು ಅದನ್ನು ನುಂಗುತ್ತದೆ. "ಪೆರ್ಲ" ಎಂಬಲ್ಲಿ ಅರ್ಕಾವೊತ್ತು ಬಲಕ್ಕೆ ಚಾಚುವುದರಿಂದ ಬಲಗಡೆ ಅಂಚನ್ನು ಎಡಕ್ಕಿಂತ ಹೆಚ್ಚು ಬಿಡಿ.

ಜಿಂಪಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಹಳೆಯ ಫೋಟೋಶಾಪಿನಲ್ಲಿ "ಡ್ಕ" ಎನ್ನುವುದು "ಡ್" ಮತ್ತು "ಕ" ಎಂದು ಬಿಡಿಬಿಡಿಯಾಗಿ ಬಂದರೆ ಟೈಪ್ ಮಾಡಿದ್ದರಲ್ಲಿ ತಪ್ಪಿಲ್ಲ, ಆ ಸಾಫ್ಟ್‌ವೇರ್ ಅಕ್ಷರ ಕೂಡಿಸುತ್ತಿಲ್ಲ ಅಷ್ಟೇ. ಫಾಂಟು ದಪ್ಪದ್ದಿರಲಿ: ನೋಟೋ ಸಾನ್ಸ್ ಕನ್ನಡ ಬ್ಲ್ಯಾಕ್, ಅನೇಕ್ ಕನ್ನಡ ಅಥವಾ ಬಲೂ ತಮ್ಮದ ದಪ್ಪ ತೂಕ. ತೆಳು-ದಪ್ಪ ಗೆರೆಯಿರುವ ಪುಸ್ತಕದ ಅಕ್ಷರ ಬೇಡ. ಕಾರ್ಟು ಬೋರ್ಡಿನ ಎದುರು ಬರುವುದು ಒಂದೆರಡು ಸೆಕೆಂಡಿಗೆ, ಅಷ್ಟರಲ್ಲಿ ತೆಳು ಗೆರೆ ಕಣ್ಣಿಗೆ ನಿಲ್ಲುವುದಿಲ್ಲ.

ಇನ್ನು ಫಾರ್ಮ್ಯಾಟು. ಟ್ರ್ಯಾಕಿನ ಬಹುಪಾಲು ಚಿತ್ರಗಳಿಗೆ ಒಗ್ಗುವುದು ಸಿಎಂಪಿಆರ್, ಪಿಕ್ಸೆಲಿಗೆ 4 ಬಿಟ್. ಇದು ಚಿತ್ರವನ್ನು 4×4ರ ಚೌಕಗಳಾಗಿ ಒಡೆದು, ಚೌಕಕ್ಕೆ ಎರಡು ಬಣ್ಣ ಇಟ್ಟುಕೊಂಡು, ಅವೆರಡರ ಮಿಶ್ರಣದಿಂದ ಇನ್ನೆರಡು ಮಾಡಿಕೊಳ್ಳುತ್ತದೆ. ಕಲ್ಲು, ಮಣ್ಣು, ಹುಲ್ಲಿಗೆ ಇಷ್ಟು ಧಾರಾಳ ಸಾಕು. ಅಕ್ಷರಕ್ಕೆ ಸಾಲದು. ಹಸಿರು ಬೋರ್ಡು, ಬಿಳಿ ಅಕ್ಷರ, ಅದಕ್ಕೊಂದು ಕೆಂಪು ಅಂಚು ಎಂದು ಮಾಡಿದಿರಾದರೆ ಒಂದೇ ಚೌಕದಲ್ಲಿ ಮೂರು ಬಣ್ಣ ಬಂದು ಅದರಲ್ಲೊಂದು ಕೆಸರಿನ ಬಣ್ಣವಾಗುತ್ತದೆ. "ಡ್ಕ"ದ ಒತ್ತಿನ ಒಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗಿ ಒಂದು ಉಂಡೆ ಉಳಿಯುತ್ತದೆ. ದಾರಿ ಎರಡಿವೆ. ಸಿಎಂಪಿಆರ್‌ನಲ್ಲೇ ಇದ್ದು ಎರಡೇ ಬಣ್ಣ ಬಳಸಿ, ನೆರಳು-ಅಂಚು ಬಿಡುವುದು ಒಂದು. ಫಾರ್ಮ್ಯಾಟನ್ನು ಆರ್‌ಜಿಬಿ565ಕ್ಕೆ ಬದಲಿಸುವುದು ಇನ್ನೊಂದು. 256×128ರ ಬೋರ್ಡು ಸಿಎಂಪಿಆರ್‌ನಲ್ಲಿ 16 ಕೆಬಿ, ಆರ್‌ಜಿಬಿ565ರಲ್ಲಿ 64 ಕೆಬಿ. ಟ್ರ್ಯಾಕಿಗೆ ಮೂರೋ ನಾಲ್ಕೋ ಬೋರ್ಡಿದ್ದರೆ ಎರಡನೆಯದನ್ನೇ ಮಾಡಿ, ಆ 48 ಕೆಬಿ ಉಳಿಸುವುದಕ್ಕಾಗಿ ನಮ್ಮ ಅಕ್ಷರ ಕೆಡಬಾರದು. ಗೋಡೆ, ನೆಲಕ್ಕೆ ಮಾತ್ರ ಸಿಎಂಪಿಆರ್ ಬಿಟ್ಟು ಕದಲಬೇಡಿ. ವೀಯ ಒಟ್ಟು ನೆನಪು 88 ಎಂಬಿ, ಅದರಲ್ಲಿ ಇಡೀ ಆಟ ನಡೆಯಬೇಕು.

ಬೋರ್ಡಿನ ಜಾಗ ಆರಿಸುವಾಗ ಮೆಟೀರಿಯಲ್ಲಿನ (ಯಾವ ಮೇಲ್ಮೈಗೆ ಯಾವ ಚಿತ್ರ, ಹೇಗೆ ಎಂದು ಹೇಳುವ ಸೆಟ್ಟಿಂಗಿನ) ರ‍್ಯಾಪ್ ಮೋಡ್ ನೋಡಿ. ಮಿರರ್ ಎಂದಿದ್ದರೆ ಚಿತ್ರ ಒಂದು ಕಡೆ ನೇರ, ಪಕ್ಕದಲ್ಲಿ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಗೆರೆ-ಚುಕ್ಕಿಯ ಅಲಂಕಾರಕ್ಕೆ ಅಡ್ಡಿಯಿಲ್ಲ, ಅಕ್ಷರ ತಿರುಗುಮುರುಗಾಗುತ್ತದೆ. ಅಂಥ ಜಾಗ ಬಿಟ್ಟು ಬೇರೆ ಫಲಕ ಹುಡುಕಿ. ಒಂದೇ ಚಿತ್ರವನ್ನು ಹಲವು ಮೆಟೀರಿಯಲ್ ಹಂಚಿಕೊಂಡಿರುವುದೂ ಉಂಟು. ತಿರುವಿನ ಬಾಣದ ಫಲಕ ಬದಲಿಸಿದರೆ ಇನ್ನೆಲ್ಲೋ ಇರುವ ಬಾಣಗಳೂ "ಬದಿಯಡ್ಕ" ಎನ್ನತೊಡಗಬಹುದು.

ಊರಿನ ರಸ್ತೆಬದಿಯಂತೆಯೇ ಕಾಣಬೇಕಾದರೆ ಕನ್ನಡದ ಜೊತೆ ಮಲಯಾಳವನ್ನೂ ಬರೆಯಿರಿ. ಆಗ ಒಂದೇ ಬೋರ್ಡಿಗೆ ಎರಡು ಸಾಲು, ಎತ್ತರ 256 ಬೇಕು. 128ರಲ್ಲೇ ಎರಡು ಸಾಲು ತುರುಕಿದರೆ ಎರಡು ಲಿಪಿಯೂ ಕೆಡುತ್ತವೆ.

ಫೈಲಿನೊಳಗೆ ಸೇರಿಸುವುದು

ಎಸ್‌ಝಡ್‌ಎಸ್ ಎಂದರೆ ಒತ್ತಿ ಕಟ್ಟಿದ ಒಂದು ಗಂಟು. ಒಳಗೆ ಕೋರ್ಸ್_ಮಾಡೆಲ್.ಬಿಆರ್‌ರೆಸ್ ಎಂಬುದು ಕಣ್ಣಿಗೆ ಕಾಣುವ ರಸ್ತೆ, ವಿಆರ್‌ಕಾರ್ನ್_ಮಾಡೆಲ್ ಆಕಾಶ, ಮ್ಯಾಪ್_ಮಾಡೆಲ್ ಮೂಲೆಯ ನಕ್ಷೆ, ಕೋರ್ಸ್.ಕೆಸಿಎಲ್ ಚಕ್ರಕ್ಕೆ ತಾಗುವ ನೆಲ, ಕೋರ್ಸ್.ಕೆಎಂಪಿ ಹೊರಡುವ ಜಾಗ, ಚೆಕ್‌ಪಾಯಿಂಟ್, ಐಟಂ ಬಾಕ್ಸ್ ಇತ್ಯಾದಿ. ಫೈಲನ್ನು ಬ್ರಾಲ್‌ಕ್ರೇಟಿನಲ್ಲಿ ತೆರೆದು, ಕೋರ್ಸ್_ಮಾಡೆಲ್ ಬಿಚ್ಚಿ, ಟೆಕ್ಸ್ಚರ್ಸ್ ಫೋಲ್ಡರಿನಲ್ಲಿ ಬೇಕಾದ ಚಿತ್ರ ಹುಡುಕಿ, ಬಲಗ್ಲಿಕ್ ಮಾಡಿ ರಿಪ್ಲೇಸ್ ಕೊಡಿ. ಬರುವ ಕಿಟಕಿಯಲ್ಲಿ ಫಾರ್ಮ್ಯಾಟು, ಮಿಪ್ ಹಂತಗಳ ಸಂಖ್ಯೆ ಕೇಳುತ್ತದೆ. ಹಂತಗಳನ್ನು ಮೂಲದಲ್ಲಿದ್ದಷ್ಟೇ ಇಡಿ. ಒಂದೇ ಹಂತ ಕೊಟ್ಟರೆ ದೂರದ ರಸ್ತೆ ಮಿಣಮಿಣ ಮಿನುಗುತ್ತದೆ. ಗಾತ್ರ 128ರಿಂದ 256 ಆದರೆ ಮಾಡೆಲ್ಲಿಗೆ ತೊಂದರೆಯಿಲ್ಲ, ಚಿತ್ರ ಎಲ್ಲಿಂದ ಎಲ್ಲಿಗೆ ಹರಡಬೇಕು ಎಂಬುದು ಪಿಕ್ಸೆಲಿನ ಲೆಕ್ಕದಲ್ಲಿಲ್ಲ, ಭಾಗದ ಲೆಕ್ಕದಲ್ಲಿದೆ. ಟೆಕ್ಸ್ಚರಿನ ಹೆಸರು ಮಾತ್ರ ಬದಲಾಗಕೂಡದು, ಮೆಟೀರಿಯಲ್ ಅದನ್ನು ಹೆಸರು ಹಿಡಿದೇ ಕರೆಯುತ್ತದೆ.

ಅಡಕೆಮರ ಹಾಕುವವರಿಗೆ ಒಂದು ಮಾತು. ಆಟದ ಮರಗಳು ಹಲವೆಡೆ ಚಪ್ಪಟೆ ಹಲಗೆಯ ಮೇಲಿನ ಚಿತ್ರ. ಸಿಎಂಪಿಆರ್‌ನಲ್ಲಿ ಪಾರದರ್ಶಕತೆ ಇದೆ ಅಥವಾ ಇಲ್ಲ, ನಡುವಿನದ್ದಿಲ್ಲ. ಅಡಕೆಯ ಸೋಗೆಯ ಸಪೂರ ಎಲೆಗಳು ಆಗ ಗರಗಸದ ಹಲ್ಲಾಗುತ್ತವೆ. ಆರ್‌ಜಿಬಿ5ಎ3ರಲ್ಲಿ ಎಂಟು ಮಟ್ಟದ ಪಾರದರ್ಶಕತೆ ಸಿಗುತ್ತದೆ, ಆದರೆ ಮೆಟೀರಿಯಲ್ ಅದನ್ನು ಬಳಸುವಂತಿದ್ದರೆ ಮಾತ್ರ ಅಂಚು ನಯವಾಗುತ್ತದೆ. ಎಲೆಯ ಸುತ್ತ ಬಿಳಿ ಗೆರೆ ಕಂಡರೆ ಪಾರದರ್ಶಕ ಜಾಗದ ಅಡಿಯಲ್ಲಿ ಬಿಳಿ ಉಳಿದಿದೆ ಎಂದರ್ಥ, ಅಲ್ಲಿ ಎಲೆಹಸಿರು ತುಂಬಿ.

ಕಣ್ಣಿಗೆ ಕಂಡದ್ದು ಚಕ್ರಕ್ಕೂ ತಾಗಬೇಕು

ಚಿತ್ರ ಬದಲಿಸಿದರೆ ನೆಲದ ಗುಣ ಬದಲಾಗುವುದಿಲ್ಲ. ರಸ್ತೆಗೆ ಕಂಬಳದ ಗದ್ದೆಯ ಚಿತ್ರ ಹಾಕಿದರೂ ಕಾರ್ಟು ಟಾರಿನ ಮೇಲಿದ್ದಂತೆಯೇ ಓಡುತ್ತದೆ, ಯಾಕೆಂದರೆ ಕೆಸಿಎಲ್ ಫೈಲಿನಲ್ಲಿ ಅದು ಇನ್ನೂ ರಸ್ತೆಯೇ. ಹೀಗೆ ಕಣ್ಣಿಗೊಂದು ಚಕ್ರಕ್ಕೊಂದು ಆಗುವ ಮಾಡ್ ಎಷ್ಟು ಚಂದವಿದ್ದರೂ ಆಡಲು ಸುಖವಿಲ್ಲ. ಚಿತ್ರ ಮಾತ್ರ ಬದಲಿಸುವುದಾದರೆ ಕಾರ್ಟು ನಿಧಾನವಾಗುವ ಹುಲ್ಲಿನ ಜಾಗಕ್ಕೆ ಕೆಸರು, ಡಿಕ್ಕಿ ಹೊಡೆಯುವಲ್ಲಿ ಪಾಗಾರ, ಜಾರದೆ ಓಡುವಲ್ಲಿ ಟಾರು ಅಥವಾ ಗಟ್ಟಿ ಪದವಿನ (ಕೆಂಪುಕಲ್ಲಿನ ಬಯಲಿನ) ನೆಲ ಎಂದು ಹೊಂದಿಸಿ.

ಗುಣವನ್ನೇ ಬದಲಿಸಬೇಕಾದರೆ ವಿಮ್ಸ್ ಟೂಲ್ಸಿನಲ್ಲಿರುವ ಡಬ್ಲ್ಯೂಕೆಸಿಎಲ್‌ಟಿ ಟೂಲಿನಿಂದ ಕೆಸಿಎಲ್ ಅನ್ನು ಓಬಿಜೆ ಮಾಡಿ ಬ್ಲೆಂಡರಿನಲ್ಲಿ ತೆರೆಯಿರಿ. ಪ್ರತಿ ತ್ರಿಕೋನಕ್ಕೂ ಒಂದು ಸಂಖ್ಯೆಯಿದೆ. ಹದಿನಾರರ ಎಣಿಕೆಯಲ್ಲಿ 00 ರಸ್ತೆ, 02 ಹಗುರ ಆಫ್‌ರೋಡ್, 03 ಸಾಧಾರಣ, 04 ಭಾರಿ, 06 ಬೂಸ್ಟ್ ಪಟ್ಟಿ, 0ಸಿ ಗೋಡೆ, 10 ಬಿದ್ದರೆ ಎತ್ತಿ ತರುವ ಗಡಿ. ಬೈಲಿನ ಕೆಸರಿಗೆ 03 ಸಾಕು. 04 ಹಾಕಿದರೆ ಒಮ್ಮೆ ಇಳಿದವರು ಓಟವನ್ನೇ ಬಿಡಬೇಕಾಗುತ್ತದೆ. ಗದ್ದೆಯ ನಡುವೆ ಕಾರ್ಟಿನ ಅಗಲದ ಒಂದು ಕಟ್ಟಪುಣಿಯನ್ನು (ಬದುವನ್ನು) 00 ಆಗಿ ಬಿಟ್ಟರೆ ಧೈರ್ಯವಿದ್ದವರಿಗೆ ಅಡ್ಡದಾರಿಯೊಂದು ಸಿಗುತ್ತದೆ. ಅಂಥ ಅಡ್ಡದಾರಿ ಚೆಕ್‌ಪಾಯಿಂಟುಗಳನ್ನು ತೀರಾ ಹಾರಿಸಿಬಿಟ್ಟರೆ ಸುತ್ತು ಲೆಕ್ಕಕ್ಕೆ ಬಾರದು, ಕೆಎಂಪಿ ಎಡಿಟರಿನಲ್ಲಿ ಚೆಕ್‌ಪಾಯಿಂಟಿನ ಗೆರೆಯನ್ನು ಗದ್ದೆಯವರೆಗೆ ಎಳೆಯಬೇಕು. ಎರಡು ಗೆರೆ ಒಂದನ್ನೊಂದು ದಾಟಬಾರದು. ಕೆಎಂಪಿಗೆ ಹೊಸ ವಸ್ತು ಸೇರಿಸುವಾಗಲೂ ಎಚ್ಚರ: ಅದರ ಮಾಡೆಲ್ ಫೈಲ್ ಎಸ್‌ಝಡ್‌ಎಸ್ ಒಳಗಿಲ್ಲದಿದ್ದರೆ ಟ್ರ್ಯಾಕ್ ತೆರೆಯುವಾಗಲೇ ಆಟ ನಿಲ್ಲುತ್ತದೆ.

ನೆಲ ಬದಲಿಸಿದ ಮೇಲೆ ಟೈಮ್ ಟ್ರಯಲಿನ ಹಳೆಯ ಘೋಸ್ಟ್ (ಹಿಂದಿನ ಓಟವನ್ನು ಮತ್ತೆ ತೋರಿಸುವ ನೆರಳು ಕಾರ್ಟು) ಎಲ್ಲೆಂದರಲ್ಲಿ ಹೋಗಿ ಗೋಡೆಗೆ ಬಡಿಯುವುದು ಕಾಣಬಹುದು. ಘೋಸ್ಟಿನಲ್ಲಿ ಉಳಿದಿರುವುದು ಗುಂಡಿ ಒತ್ತಿದ ದಾಖಲೆ ಮಾತ್ರ, ಅದೇ ಒತ್ತು ಹೊಸ ನೆಲದಲ್ಲಿ ಬೇರೆ ದಾರಿ ಹಿಡಿಯುತ್ತದೆ. ಚಿತ್ರ ಮಾತ್ರ ಬದಲಿಸಿದ್ದರೆ ಹೀಗಾಗುವುದಿಲ್ಲ.

ವೀಯಲ್ಲಿ ಓಡಿಸುವುದು

ರಿವಲ್ಯೂಷನ್ ಎಂಬ ಹೋಮ್‌ಬ್ರೂ, ಹೆಸರಿನಲ್ಲಿ ಆರ್ ಆದ ಮೇಲೆ ಐ ಎರಡು ಸಲ, ಡಿಸ್ಕಿನಿಂದ ಆಟ ಓಡುವಾಗ ಕೇಳಿದ ಫೈಲಿನ ಬದಲು ಎಸ್‌ಡಿ ಕಾರ್ಡಿನದ್ದನ್ನು ಕೊಡುತ್ತದೆ. ಡಿಸ್ಕಿಗೆ ಏನೂ ಆಗುವುದಿಲ್ಲ. ಕಾರ್ಡನ್ನು ಫ್ಯಾಟ್32 ಮಾಡಿ, ಮೇಲ್ಮಟ್ಟದಲ್ಲಿ ರಿವಲ್ಯೂಷನ್ ಎಂಬ ಫೋಲ್ಡರು, ಅದರಲ್ಲಿ ಯಾವ ಫೈಲಿನ ಬದಲು ಯಾವುದು ಎಂದು ಹೇಳುವ ಒಂದು ಎಕ್ಸ್‌ಎಂಎಲ್. ಅದರಲ್ಲಿ ಆಟದ ಐಡಿ ಆರ್‌ಎಂಸಿ ಎಂದು ಮೂರೇ ಅಕ್ಷರ ಕೊಟ್ಟರೆ ಎಲ್ಲ ಪ್ರದೇಶದ ಡಿಸ್ಕಿಗೂ ತಾಗುತ್ತದೆ. ಫೈಲ್ ಟ್ಯಾಗಿನ ಡಿಸ್ಕ್ ಎಂಬಲ್ಲಿ ರೇಸ್, ಕೋರ್ಸ್ ಎಂಬ ಡಿಸ್ಕಿನೊಳಗಿನ ದಾರಿ, ಎಕ್ಸ್‌ಟರ್ನಲ್ ಎಂಬಲ್ಲಿ ಕಾರ್ಡಿನ ದಾರಿ. ದೊಡ್ಡಕ್ಷರ-ಸಣ್ಣಕ್ಷರ ಡಿಸ್ಕಿನಲ್ಲಿ ಇದ್ದಂತೆಯೇ ಇರಲಿ, ಆಯ್ಕೆಯ ಹೆಸರು ಇಂಗ್ಲಿಷಿನಲ್ಲಿರಲಿ. _ಡಿ ಫೈಲಿಗೂ ಇನ್ನೊಂದು ಸಾಲು ಬೇಕು. ಪಟ್ಟಿಯಲ್ಲಿ ಮಾಡ್ ಕಾಣಿಸದಿದ್ದರೆ ಮೊದಲು ನೋಡಬೇಕಾದದ್ದು ನೋಟ್‌ಪ್ಯಾಡ್ ಹೆಸರಿನ ಕೊನೆಗೆ ಗುಟ್ಟಾಗಿ ಸೇರಿಸಿದ ಟಿಎಕ್ಸ್‌ಟಿ.

ಇದೇ ಎಕ್ಸ್‌ಎಂಎಲ್ ಡಾಲ್ಫಿನ್‌ನಲ್ಲೂ ನಡೆಯುತ್ತದೆ: ಆಟದ ಮೇಲೆ ಬಲಗ್ಲಿಕ್ ಮಾಡಿ ರಿವಲ್ಯೂಷನ್ ಪ್ಯಾಚ್‌ಗಳೊಂದಿಗೆ ಶುರು ಮಾಡುವ ಆಯ್ಕೆ ಹಿಡಿಯಿರಿ. ಕಾರ್ಡಿಗೆ ಹಾಕುವ ಮೊದಲು ಲೋಡ್ ಕಸ್ಟಮ್ ಟೆಕ್ಸ್ಚರ್ಸ್ ಗುರುತು ತೆಗೆದು ಹೀಗೆ ಒಮ್ಮೆ ಓಡಿಸಿ. ಆ ಗುರುತು ಉಳಿದಿದ್ದರೆ ಫೈಲಿನೊಳಗೆ ಚಿತ್ರ ಹೋಗದಿದ್ದರೂ ಹೋದಂತೆಯೇ ಕಾಣಬಹುದು.

ಬೇರೆಯವರಿಗೆ ಕೊಡುವಾಗ ಎಸ್‌ಝಡ್‌ಎಸ್ ಅನ್ನೇ ಕಳಿಸಬೇಡಿ, ಅದರೊಳಗೆ ನಿಂಟೆಂಡೋದ ಮಾಡೆಲ್ ಇದೆ. ಅಸಲಿ ಫೈಲು ಮತ್ತು ನಿಮ್ಮ ಫೈಲಿನ ನಡುವಿನ ವ್ಯತ್ಯಾಸವನ್ನು ಎಕ್ಸ್‌ಡೆಲ್ಟಾದಿಂದ ಪ್ಯಾಚ್ ಮಾಡಿ ಅದನ್ನು ಮಾತ್ರ ಕೊಡಿ, ಡಾಲ್ಫಿನ್‌ಗಾದರೆ ನೀವೇ ಮಾಡಿದ ಪಿಎನ್‌ಜಿಗಳನ್ನು ಕೊಡಿ. ಮೂಲ ಫೈಲು ಯಾವ ಕೋಡಿನ ಡಿಸ್ಕಿನಿಂದ ಬಂತು ಎಂದು ಪ್ಯಾಚಿನ ಜೊತೆ ಬರೆದಿಡಿ. ಪಡೆದವರ ಫೈಲಿನಲ್ಲಿ ಒಂದು ಬೈಟ್ ಬೇರೆಯಿದ್ದರೂ ಪ್ಯಾಚ್ ಕೂರುವುದಿಲ್ಲ.